ಇಂಜಿನ್ ಪಕ್ಕದ ಸೀಟು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 5.30

ಐದಕ್ಕೇ ಎದ್ದು ಇಡೀ ಛತ್ರ ಎಬ್ಬಿಸಿದೆ. ಸ್ಟೀಲ್ ತಟ್ಟೆ ಮೇಲೆ ಚಮಚ ಬಾರಿಸಿದೆ, ಅಷ್ಟೇ. ಮೇಷ್ಟ್ರು ಹೊದಿಕೆ ಒಳಗಿಂದಲೇ ಬೈದ್ರು. ರಿಟೈರ್ ಆಗಿ ಹನ್ನೆರಡು ವರ್ಷ ಆದ್ರೂ ಬೈಗುಳದಲ್ಲೂ ವ್ಯಾಕರಣ ತಪ್ಪಲ್ಲ ಮನುಷ್ಯ.

ಇವತ್ತಿಗೆ ಮೂರನೇ ದಿನ. ಎರಡು ಕ್ಷೇತ್ರ ಮುಗೀತು, ಇನ್ನು ನಾಲ್ಕು. ಬಸ್ಸಲ್ಲಿ ಇಪ್ಪತ್ತೆಂಟು ಜನ. ಯಾತ್ರೆ ಹೊರಡಿಸಿದ್ದು ನಾನು. ಬಸ್ಸು ಗೊತ್ತು ಮಾಡಿದ್ದು ನಾನು. ಡ್ರೈವರನ್ನ ಹುಡುಕಿ ತಂದಿದ್ದೂ ನಾನೇ. ಮೂವತ್ತು ವರ್ಷದ ಸರ್ವೀಸು, ಒಂದು ನಾಯಿಗೂ ತಾಗಿಸಿಲ್ಲ. ಕತ್ತಲಾಯ್ತೋ, ಸ್ಟೇರಿಂಗ್ ಮುಟ್ಟಲ್ಲ. ಅಂಥ ಶಿಸ್ತು. ಎಲ್ಲರಿಗೂ ಹೇಳಿದೀನಿ, ಇಂಥೋನು ಸಿಗಬೇಕಾದ್ರೆ ನನ್ನಂಥೋನು ಹುಡುಕಬೇಕು.

ನನ್ನ ಸೀಟು ಇಂಜಿನ್ ಪಕ್ಕ. ಅವನೇ ಕರೆದು ಕೂರಿಸ್ಕೊಂಡಿದ್ದು. "ಯಜಮಾನ್ರೇ, ನೀವು ಮುಂದಿರ್ಬೇಕು. ನಿಮ್ಮ ಮಾತಿದ್ರೆ ದಾರಿ ಸವೆದಿದ್ದೇ ಗೊತ್ತಾಗಲ್ಲ." ಮಾತು ಅಂದ್ರೆ ಏನು ಅಂತ ತೋರಿಸ್ತಿದೀನಿ. "ಅಗೋ ಬಂತು ಲಾರಿ, ಮೂಗು ಉಬ್ಬಿಸ್ಕೊಂಡು! ಎಡಗಡೆ ಎಮ್ಮೆ, ಮದುವೆ ಹೆಣ್ಣಿನ ಥರ ನಡೀತಿದೆ, ಹುಷಾರು! ಮುಂದೆ ಉಬ್ಬು, ಕಟ್ಟಿಸಿದ ಹಲ್ಲು ಇರೋರು ಹಿಡ್ಕೊಳ್ಳಿ!" ಹಿಂದೆ ಎಲ್ಲ ಬಿದ್ದು ಬಿದ್ದು ನಗು. ಡ್ರೈವರ್ ಮಾತ್ರ ನಗಲ್ಲ. ತಲೆ ಅಲ್ಲಾಡಿಸ್ತಾನೆ. "ಹೇಳಿ, ಹೇಳಿ, ಆಮೇಲೆ?"

ಅಕ್ಕ ಹಿಂದಿನ ಸೀಟಿಂದ - "ಲೋ, ಒಂದು ಗಳಿಗೆ ಆ ಬಾಯಿಗೆ ರಜಾ ಕೊಡೋ."

ಅಕ್ಕ ಈ ಯಾತ್ರೆಗೆ ಬಂದಿರೋದೇ ಮಗಳಿಗೋಸ್ಕರ. ಅವಳಿಗೀಗ ಎಂಟು ತಿಂಗಳು. ಮುಂಚೆ ಎರಡು ಕೈತಪ್ಪಿ ಹೋಗಿವೆ. ಈ ಸಲ ಮಂಚ ಬಿಟ್ಟು ಇಳೀಬಾರದು ಅಂದಿದಾರೆ ಡಾಕ್ಟ್ರು.

ಮಾರ್ಚ್ 4, ಬುಧವಾರ. ಸಂಜೆ

ಇವತ್ತು ಮೇಷ್ಟ್ರಿಗೆ ಸರಿಯಾಗಿ ಹಾಕಿದೆ! ಇಳಿಜಾರಲ್ಲಿ ಒಂದು ಚೀಟಿ ಬರೆದು ಹಿಂದಕ್ಕೆ ಕಳಿಸಿದೆ. "ಬ್ರೇಕ್ ಹಿಡೀತಿಲ್ಲ. ಹೆಂಗಸರಿಗೆ ಹೇಳಬೇಡಿ." ಮೇಷ್ಟ್ರ ಮುಖ ಸುಣ್ಣ ಬಳಿದಂಗಾಯ್ತು. ಹೇಳಬೇಡಿ ಅಂದ್ರೆ ಹೇಳದೆ ಇರ್ತಾರಾ? ಎರಡೇ ನಿಮಿಷ, ಇಡೀ ಬಸ್ಸು ದೇವರ ಹೆಸರು ಕೂಗೋದಕ್ಕೆ ಶುರು. ದಪ್ಪ ಟೈಲರ್ ಕಿಟಕೀಲಿ ಅರ್ಧ ಹೊರಗೆ. ಕೆಳಗೆ ಬಂದು ಬಸ್ಸು ನಿಂತ ಮೇಲೆ ಹೇಳಿದೆ ನಿಜ. ಮೇಷ್ಟ್ರು ಚೀಟಿ ಮಡಿಚಿ ಜೇಬಲ್ಲಿಟ್ಕೊಂಡ್ರು. "ನಿಮ್ಮ ಅಕ್ಷರ ನೆನಪಿಟ್ಕೊಂಡಿರ್ತೀನಿ ರೀ." ಇಟ್ಕೊಳ್ಳಿ. ಏಳನೇ ಕ್ಲಾಸಿಗೇ ಬಿಟ್ಟರೂ ನನ್ನ ಅಕ್ಷರ ಮುತ್ತು.

ಛತ್ರದ ಗೇಟಲ್ಲಿ ಬಸ್ಸಿನ ಎಡಗಡೆ ಕನ್ನಡಿ ಕಂಬಕ್ಕೆ ಉಜ್ಜಿ ಪುಡಿಯಾಯ್ತು. ಆಗ ನಾನು ಮಾತಾಡ್ತಿರಲಿಲ್ಲ, ಬಾಳೆಹಣ್ಣು ಸುಲೀತಿದ್ದೆ. ಡ್ರೈವರ್ ಇಳಿದು ಕಂಬ ಸವರಿದ. ಕನ್ನಡಿ ಅಲ್ಲ, ಕಂಬ. ಕಣ್ಣಲ್ಲಿ ನೋಡದೆ ಕೈಯಲ್ಲಿ ಸವರ್ತಾ ನಿಂತಿದ್ದ. "ಗೇಟು ಕಿರಿದು ಯಜಮಾನ್ರೇ." ನನಗೇನೋ ಅಗಲವಾಗೇ ಕಾಣ್ತು.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ 2

ಡ್ರೈವರನ್ನೂ ಕೈ ಹಿಡಿದು ಗುಡಿ ಒಳಗೆ ಕರ್ಕೊಂಡು ಹೋದೆ. ಇಷ್ಟು ದಿನ ಬಸ್ಸಲ್ಲೇ ಕೂತಿರ್ತಿದ್ದ. ಜನಜಂಗುಳಿ. ಪಕ್ಕದಲ್ಲೇ ನಿಂತಿದ್ದ. ಮಂಗಳಾರತಿ ಆಗ್ತಿದೆ, ಎಲ್ಲರೂ ಗರ್ಭಗುಡಿ ಕಡೆ ಕೈ ಮುಗಿದಿದಾರೆ, ಇವನೊಬ್ಬ ಪಕ್ಕದ ಕಂಬಕ್ಕೆ ಕೈ ಮುಗಿದು ನಿಂತಿದಾನೆ! ಕಣ್ಣು ಬಿಟ್ಕೊಂಡೇ. ಕಣ್ಣಲ್ಲಿ ನೀರು ಬೇರೆ.

ಕಿವೀಲಿ ಕೇಳಿದ, "ಇವತ್ತು ಅಲಂಕಾರ ಹೇಗಿದೆ, ಹೇಳಿ ಯಜಮಾನ್ರೇ."

ಹೇಳಿದೆ. ಹೂವಿನ ಬಣ್ಣ, ಕಿರೀಟ, ದೀಪ ಎಷ್ಟು ಸಾಲು - ಎಲ್ಲ. ಇಲ್ಲದ ಎರಡು ನವಿಲುಗರಿನೂ ಸೇರಿಸಿದೆ. "ಆಹಾ" ಅಂದ.

ಆಚೆ ಬಂದು ಎಲ್ಲರಿಗೂ ಆ ಕಂಬದ ಕಥೆ ಅಭಿನಯ ಮಾಡಿ ತೋರಿಸಿದೆ. ನಕ್ಕರು. ಅವನೂ ನಕ್ಕ, ಆದ್ರೆ ನಾನಿದ್ದ ಕಡೆ ನೋಡಿ ಅಲ್ಲ.

ಊಟಕ್ಕೆ ಕೂತಾಗ ನೋಡಿದೆ. ನೀರಿನ ಲೋಟಕ್ಕೆ ಕೈ ಚಾಚಿದೋನು ಮೊದಲು ಎಲೆ ಸವರಿದ, ಆಮೇಲೆ ನೆಲ, ಆಮೇಲೆ ಲೋಟ. ಸುಸ್ತಿರಬೇಕು ಅಂದ್ಕೊಂಡೆ. ...ಸುಸ್ತೇ ಇರಬೇಕು.

ಮಾರ್ಚ್ 8, ಭಾನುವಾರ. ಸಂಜೆ 6

ಎರಡು ದಿನ ಬರೀಲಿಲ್ಲ. ಮನಸ್ಸಿರಲಿಲ್ಲ. ನಾಳೆ ಕೊನೆ ಕ್ಷೇತ್ರ, ಬೆಟ್ಟದ ಮೇಲಿನ ಗುಡಿ. ಹೋದ ಸಲ ಅಲ್ಲಿಗೆ ಬಂದಿದ್ದು ಎರಡು ವರ್ಷದ ಹಿಂದೆ.

ಯಾರಿಗೂ ಹೇಳಿಲ್ಲ, ಇಲ್ಲಿ ಬರೀತೀನಿ. ಆಗಲೂ ಅಕ್ಕನ ಮಗಳಿಗೆ ತುಂಬಿದ ತಿಂಗಳು. ಅಕ್ಕ ಹರಕೆ ಹೊತ್ತಿದ್ದಳು, ಸೋದರಮಾವ ಬೆಳಗಿಂದ ದರ್ಶನದ ತನಕ ಮೌನ ಇರ್ತಾನೆ ಅಂತ. ಸೋದರಮಾವ ಅಂದ್ರೆ ನಾನೊಬ್ಬನೇ. ಗುಡಿ ಬಾಗಿಲ ತನಕ ಇದ್ದೆ! ಹತ್ತು ಮೆಟ್ಟಿಲು ಉಳಿದಿತ್ತು. ಒಂದು ಕೋತಿ ಬಂದು ಒಬ್ಬ ದೊಡ್ಡ ಮನುಷ್ಯರ ಪಂಚೆ ಎಳೀತು. ಬಾಯಿಂದ ಹೊರಟೇಹೋಯ್ತು - "ಸ್ವಾಮೀ, ಬಿಟ್ಟುಬಿಡಿ, ಅದಕ್ಕೂ ಮರ್ಯಾದೆ ಬೇಕಲ್ಲ!" ಇಡೀ ಮೆಟ್ಟಿಲು ಸಾಲೇ ನಕ್ಕಿತು. ಅಕ್ಕ ನಗಲಿಲ್ಲ.

ಇಪ್ಪತ್ತು ದಿನ ಕಳೀತು, ಮಗು ಉಳೀಲಿಲ್ಲ. ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಇವತ್ತಿನ ತನಕ.

ಇವತ್ತು ಛತ್ರದ ವರಾಂಡದಲ್ಲಿ ಬಟ್ಟೆ ಮಡಿಸ್ತಾ ಅಂದಳು - "ನಾಳೆ ನಿನ್ನ ಮೌನ. ಮುರಿದೋನು ನೀನು, ಸರಿ ಮಾಡೋನೂ ನೀನೇ."

"ಬರೀಬಹುದಾ ಅಕ್ಕಾ?"

"ಬರಿ. ಎಷ್ಟು ಬೇಕಾದ್ರೂ ಬರಿ. ಬಾಯಿ ಮಾತ್ರ ಬಿಡಬೇಡ ಕಣೋ. ಕೈ ಮುಗೀತೀನಿ."

ಅಕ್ಕ ನನಗೆ ಕೈ ಮುಗಿದಿದ್ದು ಇದೇ ಮೊದಲು.

ಡ್ರೈವರಿಗೆ ಹೇಳಿದೆ, ನಾಳೆ ನಿನ್ನ ರೇಡಿಯೋ ಬಂದ್ ಅಂತ. ಗಾಜು ಒರೆಸ್ತಿದ್ದ ಕೈ ನಿಂತುಹೋಯ್ತು. "ಪೂರ್ತಿ ದಿನಾನಾ? ಬೆಟ್ಟ ಹತ್ತೋವಾಗಲೂನಾ?" ಹೂಂ ಅಂದೆ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸ್ತಾ ನಿಂತ.

ಮಾರ್ಚ್ 9, ಸೋಮವಾರ. ಬೆಳಿಗ್ಗೆ 6.10

ಎದ್ದಾಗಿಂದ ಬಾಯಿಗೆ ಬೀಗ. ಮೇಷ್ಟ್ರು ಬಂದು "ಏನ್ರೀ, ಆಕಾಶವಾಣಿ ಕೆಟ್ಟಿದೆಯಾ?" ಅಂತ ಹತ್ತು ಸಲ ಕೆಣಕಿದ್ರು. ತುಟಿ ಕಚ್ಕೊಂಡು ಸುಮ್ಮನಿದ್ದೆ. ನೋಡ್ತಿರಿ, ಇವತ್ತು ಗೆಲ್ಲೋನು ನಾನೇ.

7.50

ತಿಂಡಿಗೆ ನಿಲ್ಲಿಸಿದಾನೆ.

ಇಲ್ಲಿಗೆ ಬರೋಷ್ಟರಲ್ಲಿ ಮೂರು ಸಲ ಹೋಗೇಬಿಡ್ತು ಅನ್ನಿಸ್ತು. ನಿಂತ ಟ್ರ್ಯಾಕ್ಟರಿಗೆ ಒಂದು ಗೇಣು. ಸೈಕಲ್ಲಿನೋನು ಚರಂಡಿಗೆ ಹಾರಿ ಉಳ್ಕೊಂಡ. ಡ್ರೈವರ್ ಪಿಸುಗುಟ್ತಾನೇ ಇದ್ದ, "ಏನಾದ್ರೂ ಮಾತಾಡಿ ಯಜಮಾನ್ರೇ... ಒಂದೆರಡು ಮಾತು."

ಇಳಿದ ಮೇಲೆ ಅವನನ್ನ ಬಸ್ಸಿನ ಹಿಂದಕ್ಕೆ ಎಳ್ಕೊಂಡು ಹೋದೆ. ಅವನ ಮುಖದ ಮುಂದೆ ಎರಡು ಬೆರಳು ಹಿಡಿದೆ. ಸುಮ್ಮನೆ ನಿಂತಿದ್ದ. ಬೆರಳು ಇದೆ ಅಂತಲೂ ಗೊತ್ತಾಗಲಿಲ್ಲ ಅವನಿಗೆ. ಕೈ ಕಣ್ಣಿಗೇ ತಾಗಿದಾಗ ಕೂತುಬಿಟ್ಟ.

"ಎಡಗಣ್ಣು ಹೋಗಿ ಎರಡು ವರ್ಷ ಆಯ್ತು. ಬಲಗಣ್ಣಿಗೂ ಹೋದ ತಿಂಗಳಿಂದ ಮಂಜು. ರಸ್ತೆ ಅಂಚು ಹೇಗೋ ಕಾಣುತ್ತೆ. ಎದುರಿಗೆ ಬಂದಿದ್ದೆಲ್ಲ ಬಣ್ಣದ ಮುದ್ದೆ. ನೀವು ಹೇಳ್ತಿದ್ರಿ, ನಾನು ತಿರುಗಿಸ್ತಿದ್ದೆ. ಸ್ಟೇರಿಂಗ್ ಬಿಟ್ಟರೆ ನನಗೆ ಇನ್ನೇನೂ ಬರಲ್ಲ ಯಜಮಾನ್ರೇ. ಇದೊಂದು ಟ್ರಿಪ್. ಬೆಟ್ಟ ಇಳಿದ ಮೇಲೆ ನಾನೇ ಬಿಡ್ತೀನಿ, ದೇವರಾಣೆ."

ನನ್ನ ಮಾತು ಚಂದ ಅಂತ ಕೂರಿಸ್ಕೊಂಡಿದಾನೆ ಅಂತಿದ್ದೆ. ಇಡೀ ಬಸ್ಸಿಗೆ ಹೇಳ್ಕೊಂಡು ತಿರುಗಿದ್ದೆ.

8.20

ಮೇಷ್ಟ್ರಿಗೆ ಚೀಟಿ ಕೊಟ್ಟೆ. "ಡ್ರೈವರಿಗೆ ಕಣ್ಣು ಕಾಣಲ್ಲ. ಬೆಟ್ಟ ಹತ್ತಿಸಬೇಡಿ." ಕನ್ನಡಕ ಏರಿಸಿ ಎಲ್ಲರಿಗೂ ಕೇಳೋ ಹಾಗೆ ಓದಿದ್ರು. ಬಸ್ಸು ಬಸ್ಸೇ ನಕ್ಕಿತು. "ಬ್ರೇಕ್ ಆಯ್ತು, ಈಗ ಕಣ್ಣು. ನಾಳೆ ಟೈರಾ?" ಕೆಂಪು ಪೆನ್ನು ತೆಗೆದು ಹತ್ತಕ್ಕೆ ನಾಲ್ಕು ಮಾರ್ಕು ಹಾಕಿ ವಾಪಸ್ ಕೊಟ್ಟರು. ಹಳೇ ಚೀಟಿ ಪಕ್ಕಕ್ಕಿಟ್ಟು ತೋರಿಸಿದ್ರು, ಅಕ್ಷರ ಒಂದೇ ಅಂತ.

ಬಸ್ಸಿನ ಮುಂದೆ ಕೈ ಅಗಲಿಸಿ ನಿಂತೆ. ಚಪ್ಪಾಳೆ ಹೊಡೆದ್ರು. ಕಣ್ಣು ತೋರಿಸಿ, ಡ್ರೈವರನ್ನ ತೋರಿಸಿ, ಕುರುಡನ ಹಾಗೆ ನಡೆದೆ. ಟೈಲರ್ ಸೀಟಿ ಊದಿದ.

ಅಕ್ಕ ಇಳಿದು ಬಂದು ರಟ್ಟೆ ಹಿಡಿದಳು. ಅವಳಿಗೆ ಓದು ಬರಲ್ಲ. "ಬಾಯಿ ಮುಚ್ಚಿದ್ರೂ ನಿನ್ನ ತುಂಟತನ ಮುಚ್ಚಲ್ವಲ್ಲೋ! ಹನ್ನೆರಡಕ್ಕೆ ಗುಡಿ ಬಾಗಿಲು ಹಾಕ್ತಾರೆ. ಬಸ್ಸು ಹತ್ತು."

ನಾನೊಬ್ಬ ಇಳಿದು ಇಲ್ಲೇ ಉಳಿಯಬಹುದಿತ್ತು. ಉಳಿದ್ರೆ ಆ ಸೀಟಲ್ಲಿ ಯಾರು ಕೂರ್ತಾರೆ? ಹತ್ತಿದೆ.

9.40. ಬೆಟ್ಟದ ಬುಡ

ಒಂದು ಉಪಾಯ ಮಾಡಿದೀನಿ. ನನ್ನ ತಲೆ ಅಂದ್ರೆ ಸುಮ್ನೇನಾ! ಬಾನೆಟ್ ಮೇಲೆ ತಟ್ಟೋದು. ಒಂದು ಏಟು ಎಡಕ್ಕೆ, ಎರಡು ಬಲಕ್ಕೆ, ಬಡಬಡ ಅಂತ ತಟ್ಟಿದ್ರೆ ನಿಲ್ಲಿಸು. ಅವನ ಅಂಗೈ ಮೇಲೆ ತಟ್ಟಿ, ಅದೇ ಕೈ ಆಯಾ ಕಡೆಗೆ ಎಳೆದು ಎಳೆದು ಕಲಿಸಿದೆ. ತಕ್ಷಣ ಅರ್ಥ ಮಾಡ್ಕೊಂಡ.

10.30. ಅರ್ಧ ಬೆಟ್ಟ

ನೀರು ಹಾಕೋದಕ್ಕೆ ನಿಲ್ಲಿಸಿದಾನೆ. ಒಂಬತ್ತು ತಿರುವು ತಟ್ಕೊಂಡೇ ಬಂದ್ವಿ. ಬೆರಳ ಗಂಟು ಊದಿದೆ. ಇನ್ನು ಏಳು ತಿರುವು, ಅಷ್ಟೇ.

ಅಕ್ಕನ ಫೋನ್ ಬಡ್ಕೊಂಡಿತು. ಅಳಿಯ. ಬೆಳಿಗ್ಗೆಯಿಂದ ನೋವು ಶುರುವಾಗಿದೆಯಂತೆ, ಆಸ್ಪತ್ರೆಗೆ ಸೇರಿಸಿದಾರೆ, ತಿಂಗಳು ಮುಂಚೆ. ಅಕ್ಕ ಬಂದು ನನ್ನ ಪಕ್ಕದಲ್ಲೇ ಕೂತಳು. ಸೆರಗಿಂದ ನನ್ನ ಬೆವರು ಒರೆಸಿದಳು, ಚಿಕ್ಕೋನಿದ್ದಾಗ ಒರೆಸ್ತಿದ್ದ ಹಾಗೆ. "ಇನ್ನೊಂದು ಗಂಟೆ ಕಣೋ. ಒಂದೇ ಗಂಟೆ ತಡ್ಕೊಂಡುಬಿಡು, ನನ್ನಪ್ಪ."

ಹೂಂ ಅಂತ ತಲೆ ಆಡಿಸಿದೆ.

ವಿಷಯ ಕೇಳಿ ಮೇಷ್ಟ್ರು ಎದ್ದು ನಿಂತ್ರು. "ಎಲ್ಲರೂ ಸೇರಿ ಭಜನೆ ಮಾಡೋಣ. ಮಗೂಗೋಸ್ಕರ. ಗಟ್ಟಿಯಾಗಿ." ಒಳ್ಳೇ ಮನುಷ್ಯ. ತಾಳ ತೆಗೆದ್ರು.

10.50

ತಟ್ಟೋದು ಕೇಳ್ತಿಲ್ಲ ಅವನಿಗೆ. ಇಪ್ಪತ್ತೇಳು ಗಂಟಲು, ತಾಳ, ಚಪ್ಪಾಳೆ. ಒಂದು ತಿರುವು ಭುಜ ಹಿಡಿದು ಎಳೆದು ದಾಟಿಸಿದೆ. ಹಿಂದೆ ತಿರುಗಿ, ಹಾಡು ನಿಲ್ಲಿಸಿ ಅಂತ ಕೈ ಮಾಡಿದೆ. ತಾಳ ಹಾಕ್ತಿದೀನಿ ಅಂದ್ಕೊಂಡು ಇನ್ನೂ ಜೋರು ಮಾಡಿದ್ರು.

ಇಲ್ಲಿಂದ ಮೇಲಿನ ರಸ್ತೆ ಕಾಣ್ತಿದೆ. ಮೂರು ತಿರುವು ಆಚೆ ತಡೆಗೋಡೆ ಇಲ್ಲ. ಗೋಡೆ ಮಾತ್ರ ಅಲ್ಲ, ರಸ್ತೆಯೇ ಅರ್ಧ ಕುಸಿದಿದೆ. ಅಂಚಿಗೆ ಬಿಳಿ ಕಲ್ಲು ಸಾಲಾಗಿ ಇಟ್ಟಿದಾರೆ. ಕಣ್ಣಿದ್ದೋರಿಗೆ.

ಬಾನೆಟ್ ಮೇಲೆ ಬಡಬಡ ಬಡಿದೆ. ಭುಜ ಹಿಡಿದು ಅಲ್ಲಾಡಿಸಿದೆ. "ಗೊತ್ತಾಯ್ತು ಯಜಮಾನ್ರೇ, ತಿರುವು ತಾನೆ" ಅಂದ. ಇವನಿಗೆ ರಸ್ತೆ ಇಲ್ಲ ಅಂತ ಎಷ್ಟು ಏಟಲ್ಲಿ ಹೇಳಲಿ? ಸ್ಟೇರಿಂಗಿಗೆ ಕೈ ಹಾಕಿದೆ. ಮೊಣಕೈಯಲ್ಲಿ ತಳ್ಳಿದ. "ಬೇಡಿ, ಇಬ್ಬರೂ ಹಿಡಿದ್ರೆ ಹೋಗ್ತೀವಿ."

ಎರಡು ತಿರುವು.

ಅಕ್ಷರ ಕುಣೀತಿದೆ. ಅಕ್ಕ ಕಣ್ಣು ಮುಚ್ಚಿ ಹಾಡ್ತಿದಾಳೆ. ಒಂದು ಕೈಲಿ ಫೋನು, ಇನ್ನೊಂದು ಕೈಲಿ ನನ್ನ ಮಣಿಕಟ್ಟು. ಬಿಡ್ತಿಲ್ಲ. ಅಲ್ಲಿ ಆಸ್ಪತ್ರೇಲಿ ಒಂದು ಜೀವ. ಇಲ್ಲಿ ಇಪ್ಪತ್ತೊಂಬತ್ತು.

ಒಂದು ತಿರುವು. ಬಿಳಿ ಕಲ್ಲು ಕಾಣ್ತಿದೆ. ಅವನು ಸ್ಪೀಡ್ ಕಮ್ಮಿ ಮಾಡ್ತಿಲ್ಲ.

ಅಕ್ಕ ಕಣ್ಣು ಬಿಟ್ಟಳು. ನನ್ನ ಬಾಯನ್ನೇ ನೋಡ್ತಿದಾಳೆ.

ಅಕ್ಕಾ, ಹೋದ ಸಲ ನಗಿಸೋದಕ್ಕೆ ಬಾಯಿ ಬಿಟ್ಟೆ. ಈ ಸಲ