ತಾಳ ಹೋಗಿದೆ, ಫಿಲ್ಟರ್ ತೆಗೆಯಿರಿ

ರೀ,

ನಮ್ಮಮ್ಮನ ಭಜನೆ ಕ್ಯಾಸೆಟ್ಟನ್ನು ಎಂಪಿತ್ರೀ ಮಾಡುವ ಕೆಲಸ ಇವತ್ತು ನಿಲ್ಲಿಸಿಡಿ. ನಿನ್ನೆ ನೀವು ಮಾಡಿದ ಫೈಲನ್ನು ಬೆಳಿಗ್ಗೆ ಶಶಿ ಹಾಕಿ ಕೇಳಿಸಿದ. ಕ್ಯಾಸೆಟ್ಟಿನ ಸುಯ್ ಎನ್ನುವ ಸದ್ದು ಹೋಗಲೆಂದು ಕಂಪ್ಯೂಟರಿನಲ್ಲಿ ಫಿಲ್ಟರನ್ನು ತೀರಾ ಕೆಳಗೆ ಇಟ್ಟಿದ್ದೀರಂತೆ. ಅದಕ್ಕಿಂತ ಮೇಲಿನ ಸ್ವರದ ಸದ್ದನ್ನೆಲ್ಲ ಅದು ಕತ್ತರಿಸಿ ಬಿಸಾಕುತ್ತದಂತೆ. ಸುಯ್ ಹೋಯಿತು, ನಿಜ. ಜೊತೆಗೆ ಅಮ್ಮನ ಕೈಯ ಕಂಚಿನ ತಾಳದ ಕಿಣಿಕಿಣಿಯೂ ಹೋಯಿತು. ಕಂಬಳಿ ಹೊದ್ದು ಹಾಡಿದ ಹಾಗಿದೆ.

ಮೊದಲು ಸಿಟ್ಟೇ ಬಂತು. ಶಶಿಯನ್ನು ಕೇಳಿದರೆ, "ಅಪ್ಪ ಕ್ಯಾಸೆಟ್ಟು, ಫೈಲು ಎರಡನ್ನೂ ಮತ್ತೆ ಮತ್ತೆ ಹಾಕಿ ಕೇಳಿದ್ರು. ‘ಎಂತ ವ್ಯತ್ಯಾಸ ಮಾರಾಯ, ಎರಡೂ ಒಂದೇ’ ಅಂದ್ರು" ಎಂದ.

ಅಂದರೆ ಆ ತಾಳ ನಿಮಗೆ ಕ್ಯಾಸೆಟ್ಟಿನಲ್ಲೂ ಕೇಳಿಸಿಲ್ಲ. ಕಾಫಿ ಮಿಲ್ಲಿನಲ್ಲಿ ಸಿಪ್ಪೆ ಸುಲಿಯುವ ಹಲ್ಲರ್ ಯಂತ್ರದ ಗದ್ದಲದ ಪಕ್ಕ ಇಷ್ಟು ವರ್ಷ ನಿಂತ ಕಿವಿ ಅದು. ಕುಕ್ಕರ್ ಕೂಗಿದರೂ ಏಳುವುದಿಲ್ಲವೆಂದು ನಾನು ಬೈದದ್ದೇ ಬಂತು.

ಫಿಲ್ಟರ್ ತೆಗೆದುಬಿಡಿ, ಸುಯ್ ಇದ್ದರೆ ಇರಲಿ. ಗುರುವಾರ ಮೂಡಿಗೆರೆಗೆ ಕಿವಿ ಡಾಕ್ಟರು ಬರುತ್ತಾರೆ, ಇಬ್ಬರೂ ಹೋಗೋಣ. ನೆಪ ಹೇಳಬೇಡಿ. ಅಲ್ಲಿಯವರೆಗೆ ಮಿಲ್ಲಿಗೆ ಹೋಗುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಬತ್ತಿ ಹೊಸೆಯುವ ಹತ್ತಿ ದೇವರ ಗೂಡಿನಲ್ಲಿದೆ. ಕಡುಬು ಪಾತ್ರೆಯಲ್ಲೇ ಬಿಸಿಯಾಗಿದೆ.

ಬಾಳೂರಿಗೆ, ತಂಗಿಯ ಮನೆಗೆ ಹೊರಟಿದ್ದೇನೆ. ಹೇಳಿ ಹೋಗೋಣವೆಂದು ಬಾಗಿಲಲ್ಲಿ ನಿಂತು ಎರಡು ಸಲ ಕರೆದೆ. ನೀವು ಅಂಗಳದಲ್ಲೇ ಕಾಫಿ ಹರವುತ್ತಿದ್ದಿರಿ, ತಿರುಗಲಿಲ್ಲ. ಮೂರನೆಯ ಸಲ ಕೂಗುವ ಬದಲು ಒಳಗೆ ಬಂದು ಇದನ್ನು ಬರೆದೆ.

ಪ್ರೇಮ