ಹಳದಿ ಪೆಟ್ಟಿಗೆ ಮುಟ್ಟಬೇಡ

ವರ್ಲಿನ್,

ನೀನು ಕುರ್ಚಿಯಲ್ಲಿನ ತೂಕಡಿಕೆಯಿಂದ ಏಳುವಾಗ ಎಸಿ ನಿಂತಿರುತ್ತದೆ. ನಮ್ಮ ಮನೆಗಾಡಿ ಕೆಟ್ಟಿಲ್ಲ, ಗಾಬರಿಯಾಗಬೇಡ. ಈ ಕ್ಯಾಂಪಿನ ಕರೆಂಟೇ ಸರಿಯಿಲ್ಲ. ಬಿಸಿಲೇರಿ ಎಲ್ಲ ಗಾಡಿಯವರೂ ಎಸಿ ಹಾಕಿಕೊಂಡ ಕೂಡಲೇ ವೋಲ್ಟೇಜ್ ಕುಸಿಯಿತು. ಕರೆಂಟು ಕಂಬಕ್ಕೆ ಸಿಕ್ಕಿಸಿದ ನಮ್ಮ ಹಳದಿ ಪೆಟ್ಟಿಗೆ ಆ ಕೆಟ್ಟ ಕರೆಂಟನ್ನು ಗಾಡಿಯೊಳಗೆ ಬಿಡಲಿಲ್ಲ. ಅದರ ಕೆಲಸವೇ ಅದು.

ಬೇರೆ ಜಾಗ ಕೇಳಲು ಆಫೀಸಿಗೆ ಹೋಗುತ್ತಿದ್ದೇನೆ. ಕಿಟಕಿ ತೆಗೆದುಕೋ. ಫ್ರಿಜ್ಜನ್ನು ಕರೆಂಟಿನಿಂದ ಗ್ಯಾಸಿಗೆ ಬದಲಾಯಿಸಿದ್ದೇನೆ. ಕಾಫಿ ಒಲೆಯ ಮೇಲೆ ಕಾಯಿಸಿಕೋ. ನಾಯಿಗೆ ನೀರಿಡು.

ಪಕ್ಕದ ಗಾಡಿಯ ಡ್ವೇನ್ ಬಂದೇ ಬರುತ್ತಾನೆ. "ಆ ಡಬ್ಬ ಕಿತ್ತು ಬಿಸಾಕಿ ನೇರ ಪ್ಲಗ್ ಚುಚ್ಚೋ ಮಾರಾಯ, ನಂದು ಹಂಗೇ ನಡೀತಿಲ್ವಾ?" ಅಂತಾನೆ. ತಲೆಯಾಡಿಸು, ಕಾಫಿ ಕೊಡು, ಸಾಗಹಾಕು.

ಹೋದ ಬೇಸಿಗೆಯಲ್ಲೂ ಇಂಥವನೊಬ್ಬನ ಮಾತು ಕೇಳಿ, ಟಿವಿಯಲ್ಲಿ ಬೇಸ್‌ಬಾಲ್ ತಪ್ಪಿಹೋಗುತ್ತದೆಂದು ನೀನು ಪೆಟ್ಟಿಗೆ ಕಿತ್ತೆ. ಟಿವಿಗೆ ಏನೂ ಆಗಲಿಲ್ಲ. ಸುಟ್ಟುಹೋದದ್ದು ನೀನು ಮಲಗುವಾಗ ಮೂಗಿಗೆ ಹಾಕಿಕೊಳ್ಳುವ ಉಸಿರಿನ ಯಂತ್ರ. ಹೊಸದು ಬರುವವರೆಗೂ ನಿನ್ನ ಗೊರಕೆ ಕೇಳುತ್ತಾ ಎದ್ದು ಕೂತಿದ್ದೆ. ಗೊರಕೆಯ ಜೊತೆ ಉಸಿರೂ ನಿಂತಾಗಲೆಲ್ಲ ನಿನ್ನ ಪಕ್ಕೆಗೆ ತಿವಿಯುತ್ತಿದ್ದೆ. ಬೆಳಿಗ್ಗೆ ಎದ್ದು, "ರಾತ್ರಿಯೆಲ್ಲ ಯಾಕೆ ಒದೀತಿದ್ದೆ?" ಅಂತ ನೀನು ನನ್ನನ್ನೇ ಬೈಯುತ್ತಿದ್ದೆ.

ಅದಕ್ಕೇ ಪೆಟ್ಟಿಗೆಯನ್ನೂ ನಮ್ಮ ವೈರನ್ನೂ ಸೇರಿಸಿ ಕಂಬಕ್ಕೆ ಸರಪಳಿ ಬಿಗಿದು ಬೀಗ ಹಾಕಿದ್ದೇನೆ. ಇಲ್ಲಿ ಎಲ್ಲರೂ ಕಳ್ಳರ ಭಯಕ್ಕೆ ಬೀಗ ಹಾಕುತ್ತಾರೆ. ನಾನು ಹಾಕಿದ್ದು ನಿನ್ನ ಭಯಕ್ಕೆ.

ಕೀ ಹುಡುಕಬೇಡ, ನನ್ನ ಜೇಬಿನಲ್ಲಿದೆ.

ಆರ್ಡಿತ್