ಜೊಳ್ಳು ನೆಲ್ಲಿಗೂ ಸೇರು ತುಂಬ್ತದೆ, ಮಾಷೆ

ಮಾಷೆ,

ನೀವು ಸತ್ತಿದ್ದೀರಿ. ನಂಗೊತ್ತು, ನಾನೇ ಮಣ್ಣು ಹಾಕಿದ್ದೀನಿ. ಆದ್ರೂ ಬರೀತೀನಿ. ಈ ಹಾಡೀಲಿ ನನ್ನ ಕೋಳಿಗಾಲ್ ಅಕ್ಷರ ಓದ್ತಿದ್ದಿದ್ದು ನೀವೊಬ್ರೇ, ಇನ್ಯಾರಿಗೆ ಬರೀಲಿ?

ನಾನು ಬತ್ತೇರಿ ಸ್ಕೂಲು ಬುಟ್ಟು ಬಂದ ವರ್ಷಾನೇ ನೀವು ಗುಂಡ್ಲುಪೇಟೆ ಕಡೆಯಿಂದ ನಮ್ಮ ಹಾಡಿಗೆ ಮೇಷ್ಟ್ರಾಗಿ ಬಂದ್ರಿ. ಬತ್ತೇರೀಲಿ ಎಲ್ಲಾ ಮಲಯಾಳ. ನಾನು ಬಾಯ್ಬುಟ್ರೆ ಸಾಕು, ಕಾಡ ಮಾತಾಡ್ತಾನೆ ನೋಡಿ ಅಂತ ಕ್ಲಾಸಿಗೆ ಕ್ಲಾಸೇ ನಗ್ತಿತ್ತು. ಸಾರೂ ನಗ್ತಿದ್ರು. ಏಳ್ನೇ ಕ್ಲಾಸಲ್ಲಿ ಬೆಂಚಿಗೆ ಒದ್ದು ಎದ್ದು ಬಂದೆ. ನೀವು ಬಂದ್ ಕೇಳಿದ್ರಿ, "ಸ್ಕೂಲಿಗೆ ಬರಲ್ವೇನ್ಲಾ?" "ಬರಲ್ಲ" ಅಂದೆ. "ಬರ್ಬ್ಯಾಡ. ಒಂದು ಬಿದಿರು ಕಡ್ಕೊಂಡು ಬಾ. ಬಿದಿರು ಕಡಿಯೋದಕ್ಕೂ ಸ್ಕೂಲಿಗೆ ಹೋಗ್ಬೇಕಾ?" ಆ ಬಿದಿರೇ ತಕ್ಕಡಿ ಕೋಲಾಯ್ತು. ಅದು ಮುಗಿಯೋ ಹೊತ್ಗೆ ನಾನು ನಿಮ್ ಕ್ಲಾಸಲ್ಲಿ ಕೂತಿದ್ದೆ. ಮೋಸಗಾರ ನೀವು.

ಮೊದ್ಲ ದಿನ ಬುಟ್ಟಿ ಎರಡೂ ಖಾಲಿ ಇದ್ರೂ ಕೋಲು ಒಂದ್ಕಡೆ ವಾಲ್ತಿತ್ತು. ನಾನು ಅವಸರ ಮಾಡಿ ಮರಳು ಸುರಿಯಕ್ಕೆ ಹೋದೆ, ನೀವು ಕೈ ಹಿಡುದ್ರಿ. "ಖಾಲಿ ಇದ್ದಾಗ್ಲೇ ಸಮ ನಿಲ್ದೇ ಇರೋದು ತುಂಬುದ್ಮೇಲೆ ನಿಜ ಯೋಳ್ತದಾ?" ಹಗುರಾಗಿದ್ದ ಬುಟ್ಟಿ ತಳಕ್ಕೆ ವಸಿ ಮಣ್ಣು ಮೆತ್ತಿ ಸಮ ಮಾಡಿದ್ವಿ. ಆಮೇಲೆ ರೇಷನ್ ಅಂಗಡಿಯಿಂದ ಕೇಳ್ಕೊಂಡ್ ತಂದ ಒಂದ್ ಕಿಲೋ ಕಲ್ಲು ಒಂದ್ಕಡೆ, ಮರಳು ಇನ್ನೊಂದ್ಕಡೆ. ಕಲ್ಲು ತೆಗುದು ಅದೇ ಮರಳ್ನ ಎರಡೂ ಬುಟ್ಟಿಗೆ ಸಮ ಹಂಚಿದ್ರೆ ಅರ್ಧ ಕಿಲೋ, ಐನೂರು ಗ್ರಾಂ. ಅದ್ರಲ್ಲಿ ಅರ್ಧ ಇನ್ನೂರೈವತ್ತು. ಒಂದೇ ಒಂದು ಕಲ್ಲಿಂದ ಇಷ್ಟೊಂದು ತೂಕ ಹುಟ್ತದಾ ಅಂತ ನಾನು ಬಾಯ್ಬುಟ್ಕೊಂಡು ನೋಡ್ತಿದ್ದೆ. ಬತ್ತೇರಿ ಸಾರು ಇದ್ನೇ ಬೋರ್ಡ್ ಮೇಲೆ ಬರ್ದು ಬಾಯಿಪಾಠ ಮಾಡಿಸ್ತಿದ್ದ. ಸಾವಿರ ಗ್ರಾಂ ಒಂದ್ ಕಿಲೋ, ಸಾವಿರ ಗ್ರಾಂ ಒಂದ್ ಕಿಲೋ... ಆದ್ರೆ ಗ್ರಾಂ ಅಂದ್ರೇನು ಅಂತ ಕೈಗೆ ಕೊಟ್ಟಿದ್ನಾ ಅವನು?

ಕೊಯ್ಲು ಕಾಲ್ದಲ್ಲಿ ನೀವು ಮಕ್ಕಳ ಕೈಲಿ ದಣಿ ಕೊಟ್ಟ ಕೂಲಿ ನೆಲ್ಲು ತರ್ಸಿದ್ರಿ. ದಣಿ ಕಣದಲ್ಲಿ ಕೂಲಿ ಕೊಡೋದು ಸೇರಲ್ಲಿ ಅಳ್ದು. ಎಲ್ರ ಎದ್ರುಗೇ ಸೇರು ತುಂಬ್ತಾರೆ, ಯಾರೇನ್ ಯೋಳಕ್ಕಾಯ್ತದೆ? ನೀವು ಒಂದ್ ಸೇರು ಕೂಲಿ ನೆಲ್ಲು ಒಂದ್ ಬುಟ್ಟೀಲಿ ಹಾಕಿದ್ರಿ, ಒಂದ್ ಸೇರು ಬಿತ್ತನೆ ನೆಲ್ಲು ಇನ್ನೊಂದ್ರಲ್ಲಿ. ಬಿತ್ತನೆ ಬುಟ್ಟಿ ದಡ್ ಅಂತ ಕೆಳಗೆ ಕೂತ್ಕಂತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಬಾಗ್ಲಲ್ಲಿ ನಿಂತಿದ್ದ ನಮ್ಮವ್ವ ನಗ್ಲಿಲ್ಲ. "ಸೇರು ಎಷ್ಟು ಜಾಗ ತುಂಬ್ತು ಅಂತ ಯೋಳ್ತದೆ, ಎಷ್ಟು ಪದಾರ್ಥ ಅದೆ ಅಂತ ಯೋಳಲ್ಲ. ಜೊಳ್ಳಿಗೂ ಸೇರು ತುಂಬ್ತದೆ ಕನವ್ವ" ಅಂದ್ರಿ. ಮಾರ್ನೇ ದಿನ ಅವ್ವ ಕಣದಲ್ಲಿ ಬಾಯ್ಬುಟ್ಟು ಕೇಳುದ್ಲು, "ದಣಿ, ನಮ್ ಕೂಲಿ ತೂಗಿ ಕೊಡಿ." ಅಷ್ಟೇ ಕೇಳಿದ್ದು. ಅದೇನ್ ಕೊಲೆ ಮಾಡಿದಂಗಾ?

ದಣಿ ಪೊಲೀಸ್ರಿಗೆ ನಿಮ್ ಹೆಸ್ರು ಕೊಟ್ರು. ಜೀಪು ಬಂದಾಗ ನೀವು ಸೀಸ ಕರಗಿಸ್ತಿದ್ರಿ. ಮೀನು ಬಲೆಗೆ ಕಟ್ಟೋ ಸೀಸ. ಚಿಕ್ಕ ತೂಕ ಮಾಡಕ್ಕೆ, ಐವತ್ತು ಗ್ರಾಂ, ಇಪ್ಪತ್ತು, ಹತ್ತು. ಆಗ ಕಾಡೆಲ್ಲಾ ನಕ್ಸಲರನ್ನ ಹುಡುಕ್ತಿದ್ರಲ್ಲಾ, ಪುಸ್ತಕ ಹಿಡ್ದೋನು, ಗಡ್ಡ ಬುಟ್ಟೋನು ಎಲ್ರೂ ನಕ್ಸಲರೇ. ಇನ್ಸ್‌ಪೆಕ್ಟ್ರು ಒಂದ್ ಸೀಸದ ತುಂಡು ಎತ್ಕೊಂಡು, "ಇದೇನ್ಲಾ, ಗುಂಡಾ?" ಅಂತ ಕೇಳ್ದ. "ಹತ್ತು ಗ್ರಾಂ ಸಾರ್" ಅಂದ್ರಿ. ಕೆನ್ನೆಗೆ ಬಿತ್ತು. ಇನ್ನೊಂದು ಎತ್ಕೊಂಡ. "ಇದು?" "ಇಪ್ಪತ್ತು ಗ್ರಾಂ ಸಾರ್." ಆ ಹೊತ್ತಲ್ಲೂ ಪಾಠ! ಗೊತ್ತಿಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ವಾ ನಿಮ್ಗೆ? ನನ್ನ ಇಬ್ರು ಹಿಡ್ಕೊಂಡಿದ್ರು. ಒಬ್ಬನ ಕೈ ಕಚ್ದೆ, ರಕ್ತ ಬಂತು. ಅದಕ್ಕೆ ಇವತ್ತಿಗೂ ನಂಗೆ ಬೇಜಾರಿಲ್ಲ. ಹೋಗ್ವಾಗ ನೆಟ್ಟಗೆ ನಡ್ಕೊಂಡೇ ಜೀಪ್ ಹತ್ತಿದ್ರಿ. ವಾಪಸ್ ಬಂದಾಗ ಗೋಡೆ ಹಿಡ್ದೇ ಎದ್ದು ನಿಲ್ಲೋದು, ಕೆಮ್ಮುದ್ರೆ ರಕ್ತ. ಮಳೆ ಹಿಡೀತು. ಆಮೇಲೆ...

ಬುಡಿ ಅದ.

ಈ ಸಲ ಕೊಯ್ಲು ಶುರುವಾದಾಗ ನಾನು ಹೊಸಾ ಬಿದಿರು ಕಡ್ದು ತಕ್ಕಡಿ ಕಟ್ದೆ. ಅವ್ವ ಅಡ್ಡ ನಿಂತ್ಲು. "ಬ್ಯಾಡ ಕನ್ಲಾ ಬೊಮ್ಮ. ಒಬ್ರನ್ನ ನುಂಗಿದ್ದು ಸಾಕು." "ತಕ್ಕಡಿ ನುಂಗ್ಲಿಲ್ಲ ಅವ್ವ, ಸೇರು ನುಂಗಿದ್ದು" ಅಂದು ಕಣಕ್ಕೆ ಹೊತ್ಕೊಂಡು ಹೋದೆ. ದಣಿ ಕೂಗಾಡ್ತಾರೆ ಅಂದ್ಕೊಂಡಿದ್ದೆ. ನಗ್ತಾ, "ತೂಗಣ ಬಾ, ಅದಕ್ಕೇನಂತೆ! ಆದ್ರೆ ನಿನ್ ಕೋಳಿ ಗೂಡಲ್ಲಿ ಬ್ಯಾಡ. ನಂದು ಸರ್ಕಾರದ ಸೀಲಿರೋದು ಅದೆ" ಅಂದ್ರು. ಖಾಲಿ ತಟ್ಟೆ ನೋಡ್ದೆ, ಸಮ. ನೆಲ್ಲು ಈ ತಟ್ಟೇಲಿ ತೂಗಿ, ಆ ತಟ್ಟೇಲೂ ತೂಗಿ ನೋಡ್ದೆ. ನೀವು ಕಲ್ಸಿದ್ ಹಂಗೇ. ಒಂದೇ ತೂಕ. ಮಾತಾಡ್ಕೊಂಡಷ್ಟು ಕಿಲೋ ಸರಿಯಾಗಿ ಬಂತು. ಗೆದ್ವಿ ಕನವ್ವ ಅಂತ ಅಲ್ಲೇ ಕುಣ್ದೆ.

ಅವ್ವ ಒಂದ್ ಕಾಳು ಹಲ್ಲಿಗಿಟ್ಲು. ಒಣಗಿದ್ ನೆಲ್ಲು ಕಟ್ ಅನ್ಬೇಕಲ್ವಾ? ಅನ್ಲಿಲ್ಲ, ಮೆತ್ತಗೆ ಅಪ್ಪಚ್ಚಿ ಆಯ್ತು. ಬೆಳಿಗ್ಗೆನೇ ರಾಶಿಗೆ ನೀರು ಹೊಡ್ಸಿದ್ದ ಆ ದಣಿ ಮಾರಾಯ! "ನೀರಿಗೂ ತೂಕ ಅದೆ ಮಗ" ಅಂದ್ಲು ಅವ್ವ. ಎಲ್ರ ಮುಂದೆ ಪೆದ್ದನ ಥರ ನಿಂತಿದ್ದೆ. ನಂಗೆ ದಣಿ ಮೇಲೆ ಬಂದಷ್ಟೇ ಸಿಟ್ಟು ನಿಮ್ ಮೇಲೂ ಬಂತು. ತಕ್ಕಡಿ ಸುಳ್ಳು ಯೋಳಲ್ಲ ಅಂತಿದ್ರಿ. ಯೋಳಲ್ಲ, ನಿಜ. ಕೇಳಿದ್ದಕ್ಕಷ್ಟೇ ಉತ್ರ ಕೊಡ್ತದೆ. ತಟ್ಟೇಲಿ ಏನದೆ ಅಂತ ಅದ್ಯಾಕೆ ನೋಡ್ತದೆ? ಇದ್ನ್ಯಾಕೆ ನಂಗೆ ಯೋಳ್ಲಿಲ್ಲ ನೀವು? ನಿಮ್ಗೇ ಗೊತ್ತಿರ್ಲಿಲ್ವಾ?

ಆಗ ಹೆಂಗಸ್ರು ಮಾಡಿದ್ದು ನೀವು ನೋಡ್ಬೇಕಿತ್ತು. ಕೂಲಿ ನೆಲ್ಲೆಲ್ಲಾ ವಾಪಸ್ ಚಾಪೆ ಮೇಲೆ ಸುರ್ದು ಬಿಸ್ಲಿಗೆ ಹರವಿಬುಟ್ರು. ಸುತ್ತ ಕೂತ್ಕೊಂಡು ಎಲೆಡಿಕೆ ತೆಗುದ್ರು. ದಣಿ ಓಡ್ಬಂದ್ರು, "ಏನ್ರೇ ಇದು?" "ನೆಲ್ಲು ನೆಂದದೆ ದಣಿ, ಶೀತ ಆದಾತು" ಅಂತ ಪಕ್ಕದ್ಮನೆ ಕೆಂಪಿ ಅಂದ್ಲು. "ನೀವೂ ಬನ್ನಿ, ಕೂತ್ಕಳಿ, ಬಿಸ್ಲು ಮೈಗೆ ಒಳ್ಳೇದು." ಆಳುಗಳೆಲ್ಲ ಕುಡ್ಲು ಕೆಳಗಿಟ್ರು. ಗದ್ದೇಲಿ ಅರ್ಧ ಪೈರು ಹಂಗೇ ನಿಂತದೆ, ಕೊಯ್ಯೋರಿಲ್ಲ. "ಯಾವನ್ ಕಲಿಸ್ದ ನಿಮ್ಗೆ ಇದ್ನೆಲ್ಲ?" ಅಂತ ದಣಿ ಕಿರುಚುದ್ರು. ನೀವು ಹೋದ್ಮೇಲೆ ಭಯಕ್ಕೆ ಯಾರೂ ನಿಮ್ ಸುದ್ದಿ ಎತ್ತಿರ್ಲಿಲ್ಲ. ನಮ್ಮವ್ವ ಕೂತಲ್ಲಿಂದ್ಲೇ, "ನಮ್ಮ ಮಾಷ್" ಅಂದ್ಲು. ಗಟ್ಟಿಯಾಗಿ ಅಂದ್ಲು.

ಒಣಗಿಸಿ, ತೂರಿ, ಸಾಯಂಕಾಲ ಮತ್ತೆ ತೂಗುದ್ವಿ. ಎಲ್ರುದೂ ಕಮ್ಮಿ ಬಂತು. ಕಮ್ಮಿ ಬಿದ್ದಷ್ಟೂ ಒಳ್ಳೇ ನೆಲ್ಲು ದಣಿ ಕೈಯಾರೆ ಹಾಕ್ಬೇಕಾಯ್ತು. ಈಗ ನಮ್ ಮಾತು ಒಂದೇ: ಒಣಗಿಸಿ, ತೂರಿ, ಆಮೇಲೆ ತೂಗು. ಇಲ್ಲಾಂದ್ರೆ ಪೈರು ಗದ್ದೇಲೇ ಉದುರ್ಲಿ.

ಇವತ್ತು ಬೆಳಿಗ್ಗೆ ರೇಷನ್ ಅಂಗಡಿಯವ್ನು ಬಂದು ಗುಟ್ಟಾಗಿ ಯೋಳ್ದ, ನಾಳೆ ಜೀಪು ಬರ್ತದಂತೆ, ದಣಿ ನನ್ ಹೆಸ್ರು ಕೊಟ್ಟವ್ರಂತೆ. ಕಾಡೊಳಗೆ ಹೋಗ್ಬುಡು ಅಂತಾರೆ ಎಲ್ರೂ. ನಾನ್ಯಾಕೆ ಹೋಗ್ಲಿ? ಏನ್ ಕದ್ದಿದ್ದೀನಿ?

ನಿಮ್ಗೆ ಗೊತ್ತಿಲ್ದಿರೋ ಸುದ್ದಿ ಇನ್ನೊಂದದೆ. ನಿಮ್ ಸ್ಕೂಲಿಗೆ ಬೇರೆ ಮಾಷ್ ಬರ್ಲಿಲ್ಲ, ಬಾಗ್ಲು ಮುರ್ದು ನಾನೇ ತೆಗ್ದೆ. ಮಕ್ಕಳು ಬತ್ತವೆ. ಇವತ್ತು ಕೆಂಪಿ ಮಗ್ಳು ಚೆಲ್ವಿ ಎದ್ದು ನಿಂತು, "ತಕ್ಕಡಿನೇ ತೂಗ್ಬೇಕು ಅಂದ್ರೆ ಯಾತರಲ್ಲಿ ತೂಗೋದು?" ಅಂತ ಕೇಳ್ತು. ನಂಗೆಲ್ಲಿ ಗೊತ್ತು! ನಾಳೆ ಯೋಳ್ತೀನಿ ಕೂತ್ಕೋ ಅಂದಿದ್ದೀನಿ. ಮಗೀಗೆ ಮಾತು ಕೊಟ್ಟಾಗದೆ ಮಾಷೆ, ನಾಳೆ ನಾನು ಎಲ್ಲೂ ಹೋಗಂಗಿಲ್ಲ. ಜೀಪು ಬಂದ್ರೆ ಹೊರಗೆ ನಿಂತಿರ್ಲಿ, ಪಾಠ ಮುಗಿಯೋವರ್ಗೂ.

ನಿಮ್ಮ
ಬೊಮ್ಮ